ತ್ಯಾಗಪ್ರೇಮ ಮತ್ತು ಪಾವಿತ್ರ್ಯದ ಬೆಳವಣಿಗೆ: ಮೊಲೊಕಾಯಿಯ ಫಾದರ್ ಡೇಮಿಯನ್ನರ ಹದಿನಾರು ವರ್ಷಗಳು

ಸಂತರ ಚರಿತ್ರೆಯನ್ನು ಬರೆಯಹೊರಟ ಇತಿಹಾಸಕಾರನಿಗೆ ಮೊದಲ ತೊಡಕು ಅವರ ಭಕ್ತರು ಬರೆದಿಟ್ಟ ಚರಿತ್ರೆಗಳಿಂದಲೇ ಉಂಟಾಗುತ್ತದೆ. ಅವುಗಳಲ್ಲಿ ಸಂತನು ಹುಟ್ಟಿನಿಂದಲೇ ಸಂತ. ಬಾಲ್ಯದಲ್ಲಿಯೇ ಮುಂದಿನ ಮಹಿಮೆಯ ಕುರುಹುಗಳು ಕಾಣಿಸಿಕೊಳ್ಳುತ್ತವೆ. ಅವನ ಬಾಳಿನಲ್ಲಿ ಘಟನೆಗಳಿರುತ್ತವೆ, ಬೆಳವಣಿಗೆಯಿರುವುದಿಲ್ಲ. ಆದರೆ ಕ್ರೈಸ್ತಧರ್ಮದ ಮೂಲಗ್ರಂಥಗಳು ಈ ಬಗೆಯ ಚಿತ್ರಣವನ್ನು ಸಮರ್ಥಿಸುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ ಆರಂಭದಲ್ಲಿ ಅಲ್ಲಿಯ ವಿಶ್ವಾಸಿಗಳನ್ನು ಪವಿತ್ರರಾಗಲು ಕರೆಯಲ್ಪಟ್ಟವರೆಂದು ಸಂಬೋಧಿಸುತ್ತಾನೆ; ಅದೇ ಪತ್ರದ ಮುಂದಿನ ಅಧ್ಯಾಯಗಳಲ್ಲಿ ಅವರ ಪಕ್ಷಜಗಳಗಳನ್ನೂ ವ್ಯಾಜ್ಯಗಳನ್ನೂ ಅನಾಚಾರಗಳನ್ನೂ ಕಠಿಣವಾಗಿ ಖಂಡಿಸುತ್ತಾನೆ. ಎಂದರೆ, ಪಾವಿತ್ರ್ಯವು ಕರೆ ಬಂದ ಕ್ಷಣದಲ್ಲಿಯೇ ಕೈಗೂಡುವ ಸಿದ್ಧಿಯಲ್ಲ. ಕರೆಗೂ ಸಿದ್ಧಿಗೂ ನಡುವೆ ಒಂದು ದಾರಿಯಿದೆ. ಆ ದಾರಿಯ ಅಳತೆಗೋಲು ಯಾವುದೆಂಬುದನ್ನು ಹದಿಮೂರನೆಯ ಅಧ್ಯಾಯವು ತಿಳಿಸುತ್ತದೆ. ಪ್ರೀತಿಯಿಲ್ಲದೆ ಆಸ್ತಿಯನ್ನೆಲ್ಲ ಹಂಚಿದರೂ, ದೇಹವನ್ನೇ ಒಪ್ಪಿಸಿದರೂ ಅದರಿಂದ ಫಲವಿಲ್ಲವೆಂಬುದು ಅದರ ತಾತ್ಪರ್ಯ.

ಒಬ್ಬ ಮನುಷ್ಯನ ಆತ್ಮವನ್ನು ತೂಗುವ ಅಧಿಕಾರ ಇತಿಹಾಸಕಾರನಿಗಿಲ್ಲ. ಆದರೆ ಆ ಮನುಷ್ಯನು ಬರೆದ ಪತ್ರಗಳನ್ನು ಕಾಲಾನುಕ್ರಮದಲ್ಲಿ ಓದಲು, ಅವನ ನಡೆನುಡಿಗಳಲ್ಲಿ ಆದ ಮಾರ್ಪಾಟನ್ನು ಗುರುತಿಸಲು, ಮಿತ್ರರ ಹೊಗಳಿಕೆಯನ್ನು ವಿರೋಧಿಗಳ ದೂಷಣೆಯೊಂದಿಗೆ ಹೋಲಿಸಲು ಅವನಿಗೆ ಸಾಧ್ಯ. ಈ ಕಾರ್ಯಕ್ಕೆ ಹವಾಯಿ ದ್ವೀಪಗಳಲ್ಲಿ ಕುಷ್ಠರೋಗಿಗಳ ನಡುವೆ ಬಾಳಿ ಅವರಂತೆಯೇ ಮಡಿದ ಫಾದರ್ ಡೇಮಿಯನ್ನರ ಜೀವನವು ವಿಶೇಷವಾಗಿ ಅನುಕೂಲವಾಗಿದೆ. ಅವರ ಪತ್ರಗಳು ಉಳಿದಿವೆ. ಅವರ ಮೇಲಧಿಕಾರಿಗಳ ಅಸಮಾಧಾನವೂ ದಾಖಲಾಗಿದೆ. ಮರಣಾನಂತರ ಅವರ ಶೀಲವನ್ನು ಕುರಿತು ಒಂದು ಬಹಿರಂಗ ವಾಗ್ವಾದವೇ ನಡೆದುಹೋಗಿದೆ. ಇವುಗಳ ಆಧಾರದಿಂದ ನಾವು ಸ್ಥಾಪಿಸಲು ಯತ್ನಿಸುವುದು ಇಷ್ಟೆ: ಡೇಮಿಯನ್ನರ ತ್ಯಾಗವು 1873ರ ಒಂದು ದಿನದ ನಿರ್ಧಾರವಲ್ಲ, ಆ ದಿನ ಅವರು ಆಡಿದ ಒಂದು ಮಾತು ನಿಜವಾಗಲು ಹದಿನಾರು ವರ್ಷಗಳೇ ಬೇಕಾದುವು.

ಮೊದಲು ಸ್ಥಳದ ವಿಷಯವನ್ನು ತಿಳಿಯುವುದು ಅವಶ್ಯ. ಹವಾಯಿಯು ಆಗ ಸ್ವತಂತ್ರ ರಾಜ್ಯವಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ಬಂದ ಕುಷ್ಠರೋಗವು ಅಲ್ಲಿಯ ಮೂಲನಿವಾಸಿಗಳಲ್ಲಿ ವೇಗವಾಗಿ ಹಬ್ಬಿತು. ಐದನೆಯ ಕಮೇಹಮೇಹ ಅರಸನ ಕಾಲದಲ್ಲಿ, 1865ರಲ್ಲಿ, ರೋಗಿಗಳನ್ನು ಹಿಡಿದು ಪ್ರತ್ಯೇಕಿಸುವ ಕಾಯಿದೆಯಾಯಿತು. ಮೊಲೊಕಾಯಿ ದ್ವೀಪದ ಉತ್ತರ ತೀರದಲ್ಲಿ ಮೂರು ಕಡೆ ಸಮುದ್ರವೂ ಒಂದು ಕಡೆ ಸುಮಾರು 2000 ಅಡಿ ಎತ್ತರದ ಕಡಿದಾದ ಬೆಟ್ಟವೂ ಇರುವ ಒಂದು ಭೂಶಿರವಿದೆ. ಅದರ ಪೂರ್ವಭಾಗದ ಕಲವಾವೊ ಎಂಬಲ್ಲಿಗೆ 1866ರ ಜನವರಿಯಲ್ಲಿ ರೋಗಿಗಳ ಮೊದಲ ತಂಡವನ್ನು ಸಾಗಿಸಲಾಯಿತು. ರೋಗಿಗಳು ತಾವೇ ಬೆಳೆದುಕೊಂಡು ಉಣ್ಣುವರೆಂದು ಸರಕಾರವು ಲೆಕ್ಕ ಹಾಕಿತ್ತು. ಕೈಕಾಲುಗಳ ಸ್ಪರ್ಶಜ್ಞಾನವನ್ನೇ ಕಳೆದುಕೊಂಡವರಿಂದ ಬೇಸಾಯವನ್ನು ನಿರೀಕ್ಷಿಸಿದ ಈ ಲೆಕ್ಕವು ಎಷ್ಟು ನಿರ್ದಯವಾದುದೆಂದು ಬೇರೆ ಹೇಳಬೇಕಾಗಿಲ್ಲ.

ಡೇಮಿಯನ್ನರು ಬರುವ ಮುನ್ನ ಆ ನೆಲದಲ್ಲಿ ಧರ್ಮವೂ ಕರುಣೆಯೂ ಇರಲಿಲ್ಲವೆಂದು ಜನಪ್ರಿಯ ಚರಿತ್ರೆಗಳು ಹೇಳುವುದುಂಟು. ಇದು ಸರಿಯಲ್ಲ. 1866ರಲ್ಲಿಯೇ ಅಲ್ಲಿಯ ಪ್ರೊಟೆಸ್ಟಂಟ್ ರೋಗಿಗಳು ಸೇರಿ ಸಿಲೋವಾಮ ಎಂಬ ಸಭೆಯೊಂದನ್ನು ಕಟ್ಟಿಕೊಂಡಿದ್ದರು. ಅದಕ್ಕಿಂತಲೂ ಮುಖ್ಯವಾದುದು ‘ಕೋಕುವಾ’ ಎಂದು ಕರೆಯಲ್ಪಡುತ್ತಿದ್ದವರ ಉದಾಹರಣೆ. ಹವಾಯಿ ಭಾಷೆಯಲ್ಲಿ ಈ ಪದಕ್ಕೆ ನೆರವು, ನೆರವಾಗುವವನು ಎಂದರ್ಥ. ರೋಗಿಯಾದ ಗಂಡನೊಡನೆ ಹೆಂಡತಿ, ಮಗನೊಡನೆ ತಾಯಿ ಎಂಬಂತೆ ಆರೋಗ್ಯವಂತರಾದ ಬಂಧುಗಳು ತಾವಾಗಿ ಗಡಿಪಾರನ್ನು ಒಪ್ಪಿಕೊಂಡು ಹೋಗುತ್ತಿದ್ದರು. ವೈಲುಕುವಿನಲ್ಲಿ ನ್ಯಾಯಾಧೀಶನಾಗಿದ್ದ, ಮಾರ್ಮನ್ ಪಂಥದ ಜೊನಾಥನ್ ನಪೇಲಾ ಎಂಬಾತನು 1873ರಲ್ಲಿ ರೋಗಿಯಾದ ಪತ್ನಿಯೊಡನೆ ಅಲ್ಲಿಗೆ ಹೋದನು. ಕಾಲಕ್ರಮದಲ್ಲಿ ರೋಗವು ಅವನಿಗೂ ಅಂಟಿತು. 1879ರ ಆಗಸ್ಟಿನಲ್ಲಿ, ಪತ್ನಿಗಿಂತ ಕೆಲವು ದಿನ ಮೊದಲು, ಅವನು ತೀರಿಕೊಂಡನು. ಅವನಿಗೂ ಡೇಮಿಯನ್ನರಿಗೂ ಸ್ನೇಹವಿದ್ದಿತು. ಪರರಿಗಾಗಿ ಪ್ರಾಣವನ್ನು ಒಡ್ಡುವ ಪ್ರೀತಿಯನ್ನು ಡೇಮಿಯನ್ನರು ಆ ನೆಲಕ್ಕೆ ಹೊಸದಾಗಿ ಕೊಂಡೊಯ್ಯಲಿಲ್ಲ. ಅಲ್ಲಿ ಅದನ್ನು ಕಣ್ಣಾರೆ ಕಂಡರು.

ಇನ್ನು ಅವರ ಪೂರ್ವವೃತ್ತಾಂತ. ಅವರ ಜನ್ಮನಾಮ ಯೋಸೆಫ್ ಡಿ ವಾಸ್ಟರ್. ಜನನ ಬೆಲ್ಜಿಯಂ ದೇಶದ ಟ್ರೆಮೆಲೊ ಗ್ರಾಮದ ಒಕ್ಕಲು ಮನೆಯೊಂದರಲ್ಲಿ, 1840ರ ಜನವರಿ 3ರಂದು. ಅಣ್ಣನನ್ನು ಅನುಸರಿಸಿ ಅವರು 1859ರಲ್ಲಿ ಲುವೆನ್ ನಗರದ ಯೇಸು ಮತ್ತು ಮರಿಯಮ್ಮನವರ ಪವಿತ್ರ ಹೃದಯಗಳ ಸಂಘವನ್ನು ಸೇರಿದರು; ಹಳೆಯ ವೈದ್ಯ ರಕ್ತಸಾಕ್ಷಿಯೊಬ್ಬನ ಹೆಸರನ್ನು ತಳೆದರು. 1860ರ ಅಕ್ಟೋಬರಿನಲ್ಲಿ ಪ್ಯಾರಿಸಿನಲ್ಲಿ ಶಾಶ್ವತ ವ್ರತಗಳನ್ನು ಸ್ವೀಕರಿಸಿದಾಗ, ಸಂಘದ ಪದ್ಧತಿಯಂತೆ ಅವರನ್ನು ಶವದ ಮೇಲೆ ಹೊದಿಸುವ ಕಪ್ಪು ಬಟ್ಟೆಯ ಕೆಳಗೆ ಮಲಗಿಸಲಾಯಿತು. ಹವಾಯಿಗೆ ಹೋಗಬೇಕಾಗಿದ್ದವರು ಅಣ್ಣ ಪಾಂಫೀಲರು. ಅವರು ಜ್ವರದಿಂದ ಹಾಸಿಗೆ ಹಿಡಿದಾಗ, ತಮ್ಮನು ಸ್ಥಳೀಯ ಮೇಲಧಿಕಾರಿಯನ್ನು ದಾಟಿ ನೇರವಾಗಿ ಪ್ಯಾರಿಸಿನ ಮಹಾಧಿಪತಿಗೆ ಪತ್ರ ಬರೆದು ಆ ಸ್ಥಾನವನ್ನು ತನಗೆ ಪಡೆದುಕೊಂಡನು. ವಿಧೇಯತೆಯ ವ್ರತವನ್ನು ಕೈಗೊಂಡು ಮೂರು ವರ್ಷಗಳಾಗಿದ್ದ ಯುವಕನ ಈ ವರ್ತನೆಯಲ್ಲಿ ಉತ್ಸಾಹವೂ ಹಟವೂ ಸಮವಾಗಿ ಬೆರೆತಿವೆ. 1864ರ ಮಾರ್ಚ್ 19ರಂದು ಅವರು ಹೊನೊಲುಲುವಿನಲ್ಲಿ ಇಳಿದರು. ಮೇ ತಿಂಗಳಲ್ಲಿ ಗುರುದೀಕ್ಷೆಯನ್ನು ಪಡೆದರು. ಅನಂತರ ಹವಾಯಿ ಎಂಬ ದೊಡ್ಡ ದ್ವೀಪದಲ್ಲಿ ಎಂಟು ವರ್ಷಕ್ಕೂ ಮಿಗಿಲಾಗಿ ದುಡಿದು, ಜನರ ಭಾಷೆಯನ್ನು ಕಲಿತು, ಸ್ವಂತ ಕೈಯಿಂದ ಮರಗೆಲಸ ಮಾಡಿ ದೇವಾಲಯಗಳನ್ನು ಕಟ್ಟಿದರು.

1873ರ ಮೇ ತಿಂಗಳಲ್ಲಿ ಧರ್ಮಾಧ್ಯಕ್ಷ ಮೈಗ್ರೆಯವರು ಮೊಲೊಕಾಯಿಯ ಕಥೋಲಿಕ ರೋಗಿಗಳಿಗೆ ಗುರುಗಳಿಲ್ಲದುದನ್ನು ತಮ್ಮವರ ಮುಂದಿಟ್ಟಾಗ ನಾಲ್ವರು ಮುಂದೆ ಬಂದರು. ಸರದಿಯಂತೆ ಕೆಲವು ವಾರಗಳ ಕಾಲ ಒಬ್ಬೊಬ್ಬರೂ ಹೋಗಿ ಬರುವುದೆಂದು ಗೊತ್ತಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು ಅವರು ಕಲವಾವೊವನ್ನು ಮುಟ್ಟಿದರು. ಒಡನೆಯೇ ಅವರು ಮೇಲಧಿಕಾರಿಗೆ ಬರೆದು, ವ್ರತಸ್ವೀಕಾರದ ದಿನ ತಾವು ಮಲಗಿದ್ದ ಶವವಸ್ತ್ರವನ್ನು ನೆನೆದು, ಅಲ್ಲಿಯೇ ನಿಲ್ಲಲು ಅನುಮತಿ ಬೇಡಿದರು. ಇಷ್ಟರಲ್ಲಿ ಹೊನೊಲುಲುವಿನ ಪತ್ರಿಕೆಯೊಂದು ಅವರನ್ನು ಕ್ರೈಸ್ತ ವೀರನೆಂದು ಕೊಂಡಾಡಿತ್ತು. ಹೀಗೆ ಕೀರ್ತಿಯು ಮೊದಲ ವಾರದಲ್ಲಿಯೇ ಬಂದಿತು. ಅದಕ್ಕೆ ತಕ್ಕ ಬಾಳು ಇನ್ನೂ ಮುಂದಿದ್ದಿತು.

ಇಲ್ಲಿ ಒಂದು ಐತಿಹ್ಯವನ್ನು ಪರೀಕ್ಷಿಸಬೇಕಾಗಿದೆ. ರೋಗವು ತಮಗೂ ತಗಲಿತೆಂದು ತಿಳಿದ ಬಳಿಕ, 1885ರಲ್ಲಿ, ಒಂದು ಭಾನುವಾರ ಡೇಮಿಯನ್ನರು ಪ್ರವಚನವೇದಿಕೆಯಿಂದ ಎಂದಿನಂತೆ ‘ನನ್ನ ಸಹೋದರರೇ’ ಎನ್ನದೆ ‘ಕುಷ್ಠರೋಗಿಗಳಾದ ನಾವು’ ಎಂದು ಆರಂಭಿಸಿದರೆಂದೂ, ಅದನ್ನು ಕೇಳಿ ಸಭೆಯು ಸ್ತಬ್ಧವಾಯಿತೆಂದೂ ಹೇಳುತ್ತಾರೆ. ಕಥೆಯು ಮನೋಹರವಾಗಿದೆ, ಆದರೆ ದಾಖಲೆಯು ಬೇರೆ ಹೇಳುತ್ತದೆ. 1873ರ ನವೆಂಬರಿನಲ್ಲಿಯೇ, ಎಂದರೆ ಬಂದ ಆರು ತಿಂಗಳಲ್ಲಿ, ಅಣ್ಣನಿಗೆ ಬರೆದ ಪತ್ರದಲ್ಲಿ ಅವರು ತಾವು ರೋಗಿಗಳ ನಡುವೆ ರೋಗಿಯಾಗಿರುವುದಾಗಿಯೂ, ಪ್ರವಚನ ಮಾಡುವಾಗ ‘ಕುಷ್ಠರೋಗಿಗಳಾದ ನಾವು’ ಎಂದೇ ಹೇಳುವುದಾಗಿಯೂ ತಿಳಿಸಿದ್ದಾರೆ. ಸುವಾರ್ತೆಗಾಗಿ ಎಲ್ಲರಿಗೂ ಎಲ್ಲವೂ ಆದೆನೆಂಬ ಪೌಲನ ಮಾತಿನ ನೆರಳು ಈ ಪತ್ರದಲ್ಲಿ ಸ್ಪಷ್ಟವಾಗಿದೆ.

ಈ ತಿದ್ದುಪಡಿಯಿಂದ ಡೇಮಿಯನ್ನರ ಹಿರಿಮೆಯು ಕುಗ್ಗುವುದೆಂದು ತೋರಬಹುದು. ನಮ್ಮ ಅಭಿಪ್ರಾಯದಲ್ಲಿ ಅದು ಹೆಚ್ಚುತ್ತದೆ. ಅವರು ಪ್ರವಚನ ಮಾಡುತ್ತಿದ್ದ ಹವಾಯಿ ಭಾಷೆಯಲ್ಲಿ ಹಲವರನ್ನು ಸೂಚಿಸುವ ‘ನಾವು’ ಎಂಬುದಕ್ಕೆ ಎರಡು ರೂಪಗಳಿವೆ. ಕೇಳುವವರನ್ನೂ ಒಳಗೊಂಡ ‘ನಾವು’ ‘ಕಾಕೌ’. ಅವರನ್ನು ಹೊರಗಿಟ್ಟ ‘ನಾವು’ ‘ಮಾಕೌ’. ನೆರೆಯ ತೆಲುಗಿನ ‘ಮನಮು’, ‘ಮೇಮು’ ಎಂಬ ಭೇದವನ್ನು ಬಲ್ಲ ಕನ್ನಡಿಗರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಂತಹ ಭಾಷೆಯಲ್ಲಿ ತನ್ನನ್ನು ಕೇಳುಗರೊಡನೆ ಸೇರಿಸಿಕೊಳ್ಳುವವನು ಅದನ್ನು ಅರಿತೇ ಮಾಡಬೇಕಾಗುತ್ತದೆ. ಆದರೂ 1873ರಲ್ಲಿ ಆ ಮಾತು ಮೂವತ್ತಮೂರು ವರ್ಷದ ದೃಢಕಾಯನಾದ ಗುರುವಿನ ಮಾತು. ಅದು ಸುಳ್ಳಲ್ಲ; ಆದರೆ ಇನ್ನೂ ಪೂರ್ತಿಯಾಗಿ ನಿಜವೂ ಅಲ್ಲ. ಮುಂದಿನ ವರ್ಷಗಳೆಲ್ಲ ಆ ಮಾತಿನ ಸಾಲವನ್ನು ತೀರಿಸಿದ ವರ್ಷಗಳು.

ತೀರಿಸಿದ ಬಗೆಯು ಬಹಳ ಸಾಮಾನ್ಯವಾದುದು. ಮೊದಲ ಕೆಲವು ವಾರ ಅವರು ದೇವಾಲಯದ ಪಕ್ಕದ ಕೇದಗೆಯ ಜಾತಿಯ ಒಂದು ಮರದ ಕೆಳಗೆ ಮಲಗಿದರು. ಗುಡಿಸಲುಗಳಲ್ಲಿ ಕೊಳೆತ ಹುಣ್ಣುಗಳ ದುರ್ಗಂಧವನ್ನು ತಾಳಲಾರದೆ ಹೊರಗೆ ಓಡಿಬಂದುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಆ ವಾಸನೆಯನ್ನು ಮರೆಸಲು ಹೊಗೆಸೊಪ್ಪಿನ ಚಿಲುಮೆಯನ್ನು ಹಿಡಿದರು. ಕ್ರಮೇಣ ಅವರು ರೋಗಿಗಳ ಹುಣ್ಣು ತೊಳೆದು ಕಟ್ಟಿದರು. ಅವರೊಡನೆ ಒಂದೇ ಬೋಗುಣಿಯಿಂದ ಕೆಸುವಿನ ಗೆಡ್ಡೆಯ ಅಂಬಲಿಯನ್ನು ಉಂಡರು. ಸರಕಾರವು ಕಳುಹಿಸಿದ ಕೊಳವೆಗಳನ್ನು ರೋಗಿಗಳ ಸಹಾಯದಿಂದ ಹೂಳಿ ಊರಿಗೆ ನೀರು ತಂದರು. 1874ರ ಬಿರುಗಾಳಿಯಲ್ಲಿ ಗುಡಿಸಲುಗಳು ಹಾರಿಹೋದ ಮೇಲೆ ಮರದ ಮನೆಗಳನ್ನು ಕಟ್ಟಿಸಿದರು. ಅನಾಥ ಮಕ್ಕಳನ್ನು ಸಾಕಿದರು. ಶವಪೆಟ್ಟಿಗೆಗಳನ್ನು ತಾವೇ ಮಾಡಿದರು, ಗುಂಡಿಯನ್ನು ತಾವೇ ತೋಡಿದರು. ದೇವಾಲಯ, ವಾಸಸ್ಥಳ, ಸ್ಮಶಾನಗಳು ಒಂದೇ ಆವರಣದಲ್ಲಿದ್ದುವು. ರಾತ್ರಿಯ ಹೊತ್ತು ಗೋರಿಗಳ ನಡುವೆ ಜಪಮಾಲೆ ಹಿಡಿದು ತಿರುಗಾಡುವುದು ಅವರ ಅಭ್ಯಾಸವಾಯಿತು. ಇವುಗಳಲ್ಲಿ ಯಾವುದೂ ಒಂದೇ ಸಲ ಮಾಡಿ ಮುಗಿಸುವ ಕಾರ್ಯವಲ್ಲವೆಂಬುದನ್ನು ಗಮನಿಸಬೇಕು. ಅಸಹ್ಯವನ್ನು ಗೆಲ್ಲುವುದು ಅಭ್ಯಾಸದಿಂದ ಮಾತ್ರ ಸಾಧ್ಯ. ಪ್ರೀತಿಯು ಅಲ್ಲಿ ಭಾವವಾಗಿ ಉಳಿಯದೆ ದಿನಚರಿಯಾಯಿತು.

ದೇಹಶ್ರಮಕ್ಕಿಂತ ಅವರನ್ನು ಹೆಚ್ಚಾಗಿ ಬಾಧಿಸಿದುದು ಏಕಾಂತ. ಆರಂಭದಲ್ಲಿ ಆರೋಗ್ಯ ಮಂಡಲಿಯು ಅವರಿಗೆ ಭೂಶಿರವನ್ನು ಬಿಟ್ಟು ಹೊರಗೆ ಹೋಗದಂತೆ ಕಟ್ಟಪ್ಪಣೆ ಮಾಡಿತ್ತು. ಕಥೋಲಿಕ ಗುರುವಿಗೆ ಇನ್ನೊಬ್ಬ ಗುರುವಿನ ಮುಂದೆ ಪಾಪನಿವೇದನೆ ಮಾಡಿಕೊಳ್ಳುವುದು ಆತ್ಮದ ಅನ್ನವಿದ್ದಂತೆ. ಒಮ್ಮೆ ಪ್ರಾಂತಾಧಿಪತಿ ಫಾದರ್ ಮೋದೆಸ್ತರು ಹಡಗಿನಲ್ಲಿ ತೀರದ ಸಮೀಪಕ್ಕೆ ಬಂದರು. ಅವರು ಇಳಿಯುವುದಕ್ಕೆ ಹಡಗಿನ ನಾಯಕನು ಅವಕಾಶ ಕೊಡಲಿಲ್ಲ, ಡೇಮಿಯನ್ನರನ್ನೂ ಹತ್ತಗೊಡಲಿಲ್ಲ. ಡೇಮಿಯನ್ನರು ದೋಣಿಯಲ್ಲಿ ನಿಂತು, ಮೇಲೆ ಹಡಗಿನ ಅಂಚಿನಲ್ಲಿದ್ದ ಗುರುವಿಗೆ ಕೇಳಿಸುವಂತೆ, ಫ್ರೆಂಚ್ ಭಾಷೆಯಲ್ಲಿ ತಮ್ಮ ಪಾಪಗಳನ್ನು ಕೂಗಿ ಹೇಳಿ ಕ್ಷಮಾದಾನವನ್ನು ಪಡೆದರು. ಸಂತರ ಚರಿತ್ರೆಗಳು ಇದನ್ನು ದೀನತೆಯ ನಿದರ್ಶನವಾಗಿ ಎತ್ತಿ ಹೇಳುತ್ತವೆ. ಅದು ಸರಿಯೇ. ಆದರೆ ತನಗೆ ನಿವೇದಿಸಬೇಕಾದ ಪಾಪಗಳಿವೆಯೆಂದು ಆ ಮನುಷ್ಯನು ನಿಜವಾಗಿ ನಂಬಿದ್ದನೆಂಬುದೂ ಅದರಿಂದ ಸಿದ್ಧವಾಗುತ್ತದೆ.

1884ರ ಡಿಸೆಂಬರಿನಲ್ಲಿ ಒಂದು ದಿನ ಕಾಲನ್ನು ಕುದಿಯುವ ನೀರಿನಲ್ಲಿಟ್ಟರೂ ನೋವು ತಿಳಿಯದಾದಾಗ ಅವರಿಗೆ ತಮ್ಮ ಸ್ಥಿತಿ ಸ್ಪಷ್ಟವಾಯಿತು. ಮರುವರ್ಷ ಡಾಕ್ಟರ್ ಆರ್ನಿಂಗರ ಪರೀಕ್ಷೆಯು ಅದನ್ನು ದೃಢಪಡಿಸಿತು. ಹನ್ನೆರಡು ವರ್ಷದ ಹಿಂದೆ ಆಡಿದ ‘ನಾವು’ ಈಗ ದೇಹದಲ್ಲಿ ಅರ್ಥ ಪಡೆದಿತ್ತು. ಬಹುಮಂದಿ ಲೇಖಕರು ತ್ಯಾಗದ ಕಥೆಯನ್ನು ಇಲ್ಲಿಗೇ ಶಿಖರಕ್ಕೇರಿಸುತ್ತಾರೆ. ಆದರೆ ಪತ್ರಗಳನ್ನು ಓದಿದರೆ ಅತಿ ಕಠಿಣವಾದ ಪರೀಕ್ಷೆಯು ಇದಾದ ಮೇಲೆ ಬಂದುದು ಕಂಡುಬರುತ್ತದೆ. 1886ರಲ್ಲಿ ಲಂಡನಿನ ಆಂಗ್ಲಿಕನ್ ಪಾದ್ರಿ ಹ್ಯೂ ಚಾಪ್ಮನ್ನರು ನಿಧಿ ಕೂಡಿಸಿ ದೊಡ್ಡ ಮೊತ್ತವನ್ನು ಡೇಮಿಯನ್ನರಿಗೆ ಕಳುಹಿಸಿದರು. ಪತ್ರಿಕೆಗಳಲ್ಲಿ ಹೊಗಳಿಕೆ ಬೆಳೆಯಿತು. ಇದರಿಂದ ಹೊಸ ಧರ್ಮಾಧ್ಯಕ್ಷ ಕೋಕೆಮಾನ್ನರೂ ಪ್ರಾಂತಾಧಿಪತಿ ಫುವೆನೆಲ್ಲರೂ ಅಸಮಾಧಾನಗೊಂಡರು. ಒಬ್ಬನೇ ಎಲ್ಲವನ್ನೂ ಮಾಡಿದಂತೆ ಲೋಕವು ಕಾಣುತ್ತಿದೆ, ಉಳಿದವರ ದುಡಿಮೆ ಮರೆಯಾಗುತ್ತಿದೆ ಎಂಬುದು ಅವರ ಆಕ್ಷೇಪಣೆ. ಅದರಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಆದರೆ ಸಾಯುತ್ತಿರುವ ಮನುಷ್ಯನಿಗೆ ತನ್ನವರಿಂದಲೇ ಬಂದ ಈ ಮಾತುಗಳು ರೋಗಕ್ಕಿಂತ ಹೆಚ್ಚಿನ ನೋವನ್ನು ಕೊಟ್ಟುವೆಂಬುದರಲ್ಲಿ ಸಂದೇಹವಿಲ್ಲ. ಮೊದಲೇ ಮುಂಗೋಪಿಯಾದ ಅವರು ತಮ್ಮ ಸಂಕಟವನ್ನು ಪತ್ರಗಳಲ್ಲಿ ಮುಚ್ಚಿಡಲಿಲ್ಲ. 1885ರಲ್ಲಿ ಸಹಾಯಕ ಗುರು ಮೊಂತಿತೊನ್ನರು ಹೊರಟುಹೋಗಿದ್ದರು. ಅವರೊಡನೆಯೂ ಡೇಮಿಯನ್ನರಿಗೆ ಹೊಂದಿಕೆಯಾಗಿರಲಿಲ್ಲ. ಬಳಿಕ 1888ರವರೆಗೆ ಜತೆಯಲ್ಲಿ ನೆಲಸುವ ಇನ್ನೊಬ್ಬ ಗುರುವು ಅವರಿಗೆ ದೊರೆಯಲಿಲ್ಲ.

ಈ ಕೊನೆಯ ವರ್ಷಗಳಲ್ಲಿ ಅವರಲ್ಲಿ ಆದ ಮಾರ್ಪಾಟೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಎಲ್ಲವನ್ನೂ ತಾನೇ ಮಾಡಬೇಕೆನ್ನುತ್ತಿದ್ದ ಮನುಷ್ಯನು ಕೆಲಸವನ್ನು ಇತರರ ಕೈಗೆ ಒಪ್ಪಿಸಲು ಕಲಿತನು. 1886ರಲ್ಲಿ ಅಮೆರಿಕದ ಮಾಜಿ ಸೈನಿಕ ಜೋಸೆಫ್ ಡಟನ್ನರು ಬಂದರು. 1888ರ ಮೇ ತಿಂಗಳಲ್ಲಿ ಬೆಲ್ಜಿಯಂನ ಗುರು ಕೊನ್ರಾರ್ಡಿಯವರೂ, ನವೆಂಬರಿನಲ್ಲಿ ಸೋದರಿ ಮರಿಯಾನ್ ಕೋಪರು ತಮ್ಮ ಜತೆಯ ಇಬ್ಬರು ಸೋದರಿಯರೊಂದಿಗೂ ಬಂದರು. ಅದೇ ವರ್ಷದ ಕೊನೆಯಲ್ಲಿ ಆಂಗ್ಲಿಕನ್ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡ್ ಅವರನ್ನು ನೋಡಲು ಬಂದನು. ಅಂಡಮಾನಿನಲ್ಲಿ ಕುಷ್ಠರೋಗಕ್ಕೆ ಪ್ರಯೋಗಿಸಲಾಗಿದ್ದ ಗುರ್ಜನ್ ಎಣ್ಣೆಯನ್ನು ಅವನು ಅವರಿಗಾಗಿ ತಂದಿದ್ದನು. ಯೌವನದಲ್ಲಿ ಪ್ರೊಟೆಸ್ಟಂಟರನ್ನು ಕುರಿತು ಕಟುವಾಗಿ ಬರೆದಿದ್ದ ಗುರುವು ಆ ಪಂಥದ ಅತಿಥಿಯನ್ನು ಪ್ರೀತಿಯಿಂದ ಬರಮಾಡಿಕೊಂಡು, ಅವನ ಉಪಚಾರವನ್ನು ಸ್ವೀಕರಿಸಿ, ಅವನ ಚಿತ್ರಕ್ಕೆ ಕುಳಿತರು. ಕೊಡುವುದರಲ್ಲಿ ಮಾತ್ರವಲ್ಲದೆ ತೆಗೆದುಕೊಳ್ಳುವುದರಲ್ಲಿಯೂ ಒಂದು ತ್ಯಾಗವಿದೆ. ಬಲಶಾಲಿಯಾದವನಿಗೆ ಅದೇ ಹೆಚ್ಚು ಕಷ್ಟ. 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ತಮ್ಮ 49ನೆಯ ವಯಸ್ಸಿನಲ್ಲಿ ಅವರು ಕಾಲವಾದರು. ಬಂದ ದಿನ ಯಾವ ಮರದ ಕೆಳಗೆ ಮಲಗಿದ್ದರೋ ಅದರ ಬುಡದಲ್ಲಿಯೇ ಅವರನ್ನು ಹೂಳಿದರು.

ಅದೇ ವರ್ಷದ ಆಗಸ್ಟಿನಲ್ಲಿ ಹೊನೊಲುಲುವಿನ ಪ್ರೊಟೆಸ್ಟಂಟ್ ಪಾದ್ರಿ ಸಿ. ಎಂ. ಹೈಡ್ ತನ್ನ ಮಿತ್ರನೊಬ್ಬನಿಗೆ ಪತ್ರ ಬರೆದು, ಡೇಮಿಯನ್ನರು ಒರಟರು, ಕೊಳಕರು, ಹಟಮಾರಿಗಳು, ಮತಾಂಧರು ಎಂದು ದೂಷಿಸಿದನು. ಅವರ ಬ್ರಹ್ಮಚರ್ಯವನ್ನೂ ಶಂಕಿಸಿದನು. ಆ ಪತ್ರವು ಸಿಡ್ನಿಯಲ್ಲಿ ಅಚ್ಚಾಯಿತು. ಇದಕ್ಕೆ ಉತ್ತರ ಕೊಟ್ಟವನು ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮನೆತನದ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್ಸನ್. ಡೇಮಿಯನ್ನರು ಸತ್ತ ತಿಂಗಳೊಂದರಲ್ಲಿಯೇ ಅವನು ಆ ಊರಿಗೆ ಹೋಗಿ ಒಂದು ವಾರ ಇದ್ದು, ಅವರ ವಿಷಯದಲ್ಲಿ ಅನುಕೂಲವಲ್ಲದ ಸಾಕ್ಷ್ಯವನ್ನೂ ಕೇಳಿ ಬರೆದುಕೊಂಡಿದ್ದನು. 1890ರ ಫೆಬ್ರುವರಿಯ ಅವನ ಬಹಿರಂಗ ಪತ್ರವು ಪ್ರಸಿದ್ಧವಾಗಿದೆ. ಇತಿಹಾಸದ ವಿದ್ಯಾರ್ಥಿಯು ಅದರಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಶೀಲವನ್ನು ಕುರಿತ ಆರೋಪವನ್ನು ಸ್ಟೀವನ್ಸನ್ ಕೋಪದಿಂದ ತಳ್ಳಿಹಾಕಿದನು. ಆದರೆ ಒರಟುತನ, ಹಟ, ಕೊಳಕು ಎಂಬ ದೋಷಗಳನ್ನು ಬಹುಮಟ್ಟಿಗೆ ಒಪ್ಪಿಕೊಂಡು, ಇವೆಲ್ಲ ಇದ್ದೂ ಆ ಮನುಷ್ಯನು ಹೋಗಿ ನಿಂತನು, ಬಾಗಿಲನ್ನು ಮುಚ್ಚಿಕೊಂಡು ಒಳಗುಳಿದನು ಎಂದು ವಾದಿಸಿದನು. ನಾವು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಬಹುದೆಂದು ತೋರುತ್ತದೆ. ದೋಷಗಳು ಪಾವಿತ್ರ್ಯಕ್ಕೆ ವಿರುದ್ಧವಾದ ಸಾಕ್ಷ್ಯವಲ್ಲ. ಅವು ಇಲ್ಲದಿದ್ದರೆ ಬೆಳವಣಿಗೆಗೆ ಸಾಕ್ಷ್ಯವೇ ಇರುತ್ತಿರಲಿಲ್ಲ.

ಕಥೋಲಿಕ ಧರ್ಮಸಭೆಯ ತೀರ್ಮಾನವು ನಿಧಾನವಾಗಿ ಬಂದಿತು. 1977ರಲ್ಲಿ ಆರನೆಯ ಪೌಲ್ ಪೋಪರು ಅವರ ಸದ್ಗುಣಗಳ ಶ್ರೇಷ್ಠತೆಯನ್ನು ಘೋಷಿಸಿದರು. 1995ರಲ್ಲಿ ಎರಡನೆಯ ಜಾನ್ ಪೌಲರು ಅವರನ್ನು ಪುನೀತರ ಸಾಲಿಗೆ ಸೇರಿಸಿದರು. 2009ರ ಅಕ್ಟೋಬರ್ 11ರಂದು ಹದಿನಾರನೆಯ ಬೆನೆಡಿಕ್ಟರು ಸಂತ ಪದವಿಯನ್ನಿತ್ತರು. ಸೋದರಿ ಮರಿಯಾನರಿಗೆ 2012ರಲ್ಲಿ ಅದೇ ಪದವಿ ದೊರೆಯಿತು. 2017ರಲ್ಲಿ ಪೋಪ್ ಫ್ರಾನ್ಸಿಸರು ರಕ್ತಸಾಕ್ಷ್ಯ ಮತ್ತು ಸದ್ಗುಣಗಳೊಂದಿಗೆ ‘ಜೀವಾರ್ಪಣೆ’ಯೆಂಬ ಬೇರೊಂದು ಮಾರ್ಗವನ್ನೂ ಪುನೀತ ಪದವಿಗೆ ಅಂಗೀಕರಿಸಿದರು. ಪ್ರೀತಿಯಿಂದ ಪ್ರೇರಿತವಾಗಿ, ಸಮೀಪದ ನಿಶ್ಚಿತ ಮರಣವನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡವರಿಗೆ ಇದು ಅನ್ವಯಿಸುತ್ತದೆ. ಡೇಮಿಯನ್ನರನ್ನು ಈ ಮಾರ್ಗದಿಂದ ಪರಿಗಣಿಸಲಿಲ್ಲ. ಅವರ ಅರ್ಪಣೆಯು ಸಮೀಪದ ಮರಣವಾಗಿರದೆ ಹದಿನಾರು ವರ್ಷದ ಬದುಕಾಗಿದ್ದುದರಿಂದ ಹಳೆಯ ಮಾರ್ಗವೇ ಅವರಿಗೆ ಒಪ್ಪುತ್ತದೆ.

ಡೇಮಿಯನ್ನರು ಮೊಲೊಕಾಯಿಗೆ ಹೋದ 1873ರಲ್ಲಿಯೇ ನಾರ್ವೆಯ ಹ್ಯಾನ್ಸನ್ ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದನು. 1940ರ ದಶಕದಲ್ಲಿ ಪರಿಣಾಮಕಾರಿಯಾದ ಔಷಧ ಬಂದಿತು. ಈ ರೋಗವು ಪೂರ್ಣವಾಗಿ ಗುಣವಾಗತಕ್ಕದ್ದೆಂದೂ, ಬಹುಪಾಲು ಜನರಿಗೆ ಅದನ್ನು ತಡೆಯುವ ಸಹಜಶಕ್ತಿಯಿದೆಯೆಂದೂ ಇಂದು ತಿಳಿದಿದೆ. ಹವಾಯಿಯ ಪ್ರತ್ಯೇಕವಾಸದ ನಿಯಮವು 1969ರಲ್ಲಿ ರದ್ದಾಯಿತು. ಅಷ್ಟರೊಳಗೆ ಸುಮಾರು 8000 ಮಂದಿಯನ್ನು ಆ ಭೂಶಿರಕ್ಕೆ ಕಳುಹಿಸಲಾಗಿತ್ತು. ಅವರಲ್ಲಿ ಹೆಚ್ಚಿನವರ ಗೋರಿಗಳಿಗೆ ಗುರುತಿಲ್ಲ. ಅವರೊಡನೆ ಹೋದ ಕೋಕುವಾಗಳಲ್ಲಿ ಅನೇಕರ ಹೆಸರೂ ನಮಗೆ ಬಂದಿಲ್ಲ. ತ್ಯಾಗಪ್ರೇಮದ ಚರಿತ್ರೆಯನ್ನು ಒಬ್ಬ ಸಂತನ ಚರಿತ್ರೆಯಾಗಿ ಮಾತ್ರ ಬರೆದರೆ ಅದು ಅಪೂರ್ಣವೇ. ಡೇಮಿಯನ್ನರ ಮೇಲಧಿಕಾರಿಗಳ ಆಕ್ಷೇಪಣೆಯಲ್ಲಿದ್ದ ಸತ್ಯಾಂಶವನ್ನು ನಾವು ಈ ರೀತಿಯಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ.

ಕಡೆಯದಾಗಿ ಒಂದು ಮಾತು. ಇಂತಹ ಪತ್ರಿಕೆಗಳಲ್ಲಿ ಲೇಖಕರು ‘ನಾವು’ ಎಂದು ಬರೆಯುವುದು ರೂಢಿ. ಅದಕ್ಕಾಗಿ ನಾವು ಯಾವ ಬೆಲೆಯನ್ನೂ ತೆರಬೇಕಾಗಿಲ್ಲ. ಕಲವಾವೊದ ಪ್ರವಚನವೇದಿಕೆಯಿಂದ ಅದೇ ಪದವನ್ನು ಆಡಿದ ಮನುಷ್ಯನು ಅದಕ್ಕೆ ತನ್ನ ಆರೋಗ್ಯವನ್ನು, ಸಂಗವನ್ನು, ಮಾನವನ್ನು ಕ್ರಮವಾಗಿ ತೆತ್ತನು. ತೆರುತ್ತ ಹೋದಂತೆ ಅವನ ಹಟವು ಸಹನೆಯಾಯಿತು. ಕ್ರೈಸ್ತ ಪರಂಪರೆಯು ಪಾವಿತ್ರ್ಯದ ಬೆಳವಣಿಗೆಯೆಂದು ಕರೆಯುವುದು ಈ ಕ್ರಮವನ್ನೇ ಎಂದು ನಾವು ಭಾವಿಸುತ್ತೇವೆ.